ನನ್ನನ್ನು ಮಲಗಿಸಬೇಡಿ

ಆ ತಾಯಿ ನನಗೆ ಮೊದಲು ತೋರಿಸಿದ್ದು ತಮ್ಮ ಮಣಿಕಟ್ಟುಗಳನ್ನು. ಎರಡೂ ಕೈ ಮುಂದಕ್ಕೆ ಚಾಚಿ, "ಇಲ್ಲಿ ಕಟ್ಟಾಕಿದ್ರು ಕಣವ್ವ, ಮಂಚುಕ್ಕೆ" ಅಂದರು. ನೋಡಿದರೆ ಯಾವ ಗುರುತೂ ಇರಲಿಲ್ಲ. ಅದರ ಹಿಂದಿನ ವರ್ಷ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಗಂಟಲಿಗೆ ಪೈಪು ಇಳಿಸಿ ವೆಂಟಿಲೇಟರಿಗೆ ಹಾಕಿದ್ದಾಗ, ಮಂಪರಿನಲ್ಲಿ ಪೈಪು ಕಿತ್ತುಕೊಳ್ಳದಿರಲಿ ಎಂದು ಮೆತ್ತನೆಯ ಬಟ್ಟೆಯಲ್ಲಿ ಕೈ ಕಟ್ಟಿದ್ದರು. ಎಲ್ಲ ಕಡೆ ಮಾಡುವುದೇ. ಐಸಿಯುನಲ್ಲಿ ಇದ್ದಾಗ ನಾನೂ ಎಷ್ಟು ಜನಕ್ಕೆ ಕಟ್ಟಿದ್ದೇನೋ ಲೆಕ್ಕವಿಲ್ಲ. ಕಟ್ಟಿಸಿಕೊಂಡವರೊಬ್ಬರು ನನ್ನ ಎದುರು ಕೂತು ಅದನ್ನು ಹೇಳಿದ್ದು ಅದೇ ಮೊದಲು.

ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯ ನರ್ಸು. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ಕೆಲಸ. ವಾರದಲ್ಲಿ ಎರಡು ದಿನ ಹನೂರು ಕಡೆ, ಎರಡು ದಿನ ಯಳಂದೂರು ಕಡೆ, ಉಳಿದ ದಿನ ಕೊಳ್ಳೇಗಾಲದ ಸುತ್ತಮುತ್ತ ಜೀಪಿನಲ್ಲಿ ಓಡಾಟ. ನನ್ನೂರು ಮಾರ್ಟಳ್ಳಿ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ತಾಯಿಯ ಮನೆ ಮಧುವನಹಳ್ಳಿ ಕಡೆ. ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳುವಿನ ಮನೆ. ಮದುವೆಯಾಗಿ ಬಂದ ವರ್ಷದಿಂದ ಅವರು ಹುಳು ಸಾಕಿದವರು. ಚಳಿಗಾಲದಲ್ಲಿ ಹುಳುಗಳಿಗೆ ಕಾವು ಬೇಕೆಂದು ಕಿಟಕಿ ಬಾಗಿಲು ಮುಚ್ಚಿ, ಒಳಗೆ ಇದ್ದಿಲ ಕೆಂಡ ಇಟ್ಟು, ಅದೇ ಹೊಗೆಯಲ್ಲಿ ಸೊಪ್ಪು ಹಾಕುತ್ತಾ ಕೂತಿದ್ದರು. ಅಡುಗೆ ಮನೆಯಲ್ಲಿ ಸೌದೆ ಒಲೆ ಬೇರೆ. ಒಂದು ಬೀಡಿ ಮುಟ್ಟಿದವರಲ್ಲ. ಆದರೂ ಶ್ವಾಸಕೋಶ ಮೂವತ್ತು ವರ್ಷ ಬೀಡಿ ಸೇದಿದವರ ಶ್ವಾಸಕೋಶದಂತೆ ಆಗಿತ್ತು. ಡಾಕ್ಟರು ಸಿಒಪಿಡಿ ಎಂದು ಬರೆದಿದ್ದರು. ಊರವರು ಗೂರಲು ಅನ್ನುತ್ತಿದ್ದರು. ನಡುಮನೆಯಲ್ಲಿ ನಮ್ಮ ಆಸ್ಪತ್ರೆ ಕೊಟ್ಟಿದ್ದ ಆಕ್ಸಿಜನ್ ಮಿಷನ್ನು, ಕಾನ್ಸಂಟ್ರೇಟರ್, ಸದಾ ಗುಂಯ್ ಅನ್ನುತ್ತಿತ್ತು. ನಾಲ್ಕು ಮಾತಾಡಿದರೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ಮಲಗಿ ನಿದ್ದೆ ಮಾಡಿ ಎರಡು ವರ್ಷವಾಗಿತ್ತು. ಮುಂದೆ ಒಂದು ಸ್ಟೂಲು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ ಊರಿ ಕೂತೇ ನಿದ್ದೆ.

"ಇನ್ನೊಂದ್ಸತಿ ಆ ಪೈಪು ಬ್ಯಾಡ" ಅಂದರು. ಉಸಿರು ತೆಗೆದುಕೊಂಡರು. "ಅದುನ್ನ ಯಾರ್ಗ್ ಯೇಳ್ಬೇಕು, ಯೇಳು."

ಅದನ್ನು ಕೇಳುವುದೇ ನನ್ನ ಕೆಲಸ. ಇಂಥ ಕಾಯಿಲೆ ಸುಮ್ಮನೆ ಇರುವುದಿಲ್ಲ, ಇದ್ದಕ್ಕಿದ್ದಂತೆ ಕೆರಳುತ್ತದೆ. ಕೆರಳಿದಾಗ ರೋಗಿಗೆ ಮಾತಾಡಲು ಉಸಿರಿರುವುದಿಲ್ಲ, ಮನೆಯವರಿಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ಉಸಿರು ಇರುವಾಗಲೇ ಕೂತು ಮಾತಾಡಿ, ಏನು ಬೇಕು, ಏನು ಬೇಡ, ಬಾಯಿ ಬಿಡಲಾಗದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡುತ್ತೇವೆ. ಹೇಳುವುದು ಸುಲಭ. ಮೊದಲ ಸಲ ಈ ಮಾತು ಎತ್ತಿದ ದಿನ ಸೊಸೆ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಹೇಳಿದಳು: "ಸಿಸ್ಟ್ರೇ, ಔಸ್ದಿ ಕೊಡಿ, ಬಿಪಿ ನೋಡಿ. ಸಾಯ ಮಾತು ನಮ್ಮನೇಲಿ ಆಡ್ಬ್ಯಾಡಿ."

ಮಗ ಒಳಗೇ ಬರಲಿಲ್ಲ. ನಾನು ಹೋದಾಗಲೆಲ್ಲ ತೋಟದಲ್ಲಿ ಅವನಿಗೆ ಏನೋ ಅವಸರದ ಕೆಲಸ ಬಂದುಬಿಡುತ್ತಿತ್ತು. ಮೂರನೇ ಸಲ ನಾನೇ ತೋಟಕ್ಕೆ ನುಗ್ಗಿದೆ. ನಲವತ್ತು ದಾಟಿದ ಗಂಡಸು, ಸೊಪ್ಪು ಕುಯ್ಯುತ್ತಾ ನನಗೆ ಬೆನ್ನು ಹಾಕಿ ನಿಂತಿದ್ದ. ನಾನು ಬಾಯಿ ತೆಗೆಯುವ ಮೊದಲೇ ಅವನೇ ಮಾತಾಡಿದ.

"ಆ ಪೈಪ್ಗೆ ಸೈ ಆಕ್ದೋನು ನಾನೇಯ. ಆಕ್ಲಿಲ್ಲ ಅಂದ್ರೆ ಅರ್ದ ಗಂಟೆ ಅಂದ್ರು. ಏನ್ ಮಾಡ್ಲಿ? ಎದ್ ಬಂದ್ಮ್ಯಾಕೆ ಅವ್ವ ಏನಂದ್ಲು ಗೊತ್ತಾ? ಕೈ ಕಟ್ಟಾಕ್ಸ್ಬುಟ್ಟಲ್ಲೋ ಮಗ ಅಂದ್ಲು. ಈಗ ಬ್ಯಾಡ ಅಂತ ಸೈ ಆಕ್ಬೇಕಾ? ನಾಳೆ ಊರ್ನೋರು ಏನಂದಾರು? ಅವ್ವನ್ನ ಸಾಯಕ್ಕೆ ಬುಟ್ಟ ಅನ್ನಕಿಲ್ವಾ?"

ಅವನ ಕೈಯಲ್ಲಿ ಕುಡುಗೋಲು ಇತ್ತು, ಕಣ್ಣಲ್ಲಿ ನೀರು ಇತ್ತು. "ನೀವು ಸೈ ಹಾಕೋದು ಬೇಡಣ್ಣ, ಅವ್ವನೇ ಹಾಕ್ತಾರೆ" ಅಂದೆ. ಅಷ್ಟು ಸಾಕಾಯಿತು, ಒಳಗೆ ಬಂದ.

ಮುಂದಿನ ಕೆಲಸವೆಲ್ಲ ಕ್ರಮವಾಗಿ ನಡೆಯಿತು. ನಮ್ಮ ಡಾಕ್ಟರು ಮನೆಗೇ ಬಂದು, ಒಂದು ಗಂಟೆ ಕೂತು, ಒಂದೊಂದನ್ನೇ ಬಿಡಿಸಿ ಹೇಳಿದರು. ಮೂಗು ಬಾಯಿಗೆ ಬಿಗಿಯಾಗಿ ಹಾಕುವ ಮಾಸ್ಕಿನ ಮಿಷನ್ನು ಬೇರೆ, ಗಂಟಲಿಗೆ ಇಳಿಸುವ ಪೈಪು ಬೇರೆ. ಮಾಸ್ಕು ಹಾಕಿದಾಗ ಎಚ್ಚರ ಇರುತ್ತದೆ, ಬೇಡವೆಂದರೆ ತೆಗೆಯಬಹುದು. ಪೈಪು ಹಾಕಿದರೆ ಈ ಶ್ವಾಸಕೋಶ ಅದನ್ನು ಬಿಟ್ಟು ಹೊರಗೆ ಬರುವುದು ಈ ಸಲ ತುಂಬಾ ಕಷ್ಟ. ತಾಯಿ ಕೇಳಿಸಿಕೊಂಡರು. "ಮಾಸ್ಕು ಆಗ್ಬೋದು. ಪೈಪು ಬ್ಯಾಡ. ಮೈಸೂರು ಬ್ಯಾಡ. ಮಾಸ್ಕಲ್ಲೂ ಆಗ್ದಿದ್ರೆ ಮನೀಗ್ ಕರ್ಕ ಬನ್ನಿ." ಅಷ್ಟು ಹೇಳಲು ಆರು ಉಸಿರು ಬೇಕಾಯಿತು.

ಬರೆದೆವು. ಅವರು ಮಾತಾಡಲಾಗದಾಗ ಮಾತಾಡಬೇಕಾದವರು ಮೊದಲು ಮಗ, ಅವನಿಲ್ಲದಿದ್ದರೆ ಸೊಸೆ. ಇಬ್ಬರು ಸಾಕ್ಷಿಗಳು. ಆಮೇಲೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಎದುರು ದೃಢೀಕರಣ ಆಗಬೇಕು. ಆಕ್ಸಿಜನ್ ಕಟ್ಟಿಕೊಂಡವರನ್ನು ಯಾವ ಕಚೇರಿಯ ಮೆಟ್ಟಿಲು ಹತ್ತಿಸುವುದು? ಆಗ ಸೊಸೆಗೇ ಹೊಳೆಯಿತು: ಮನೆಯ ಹಸುವಿಗೆ ಸೂಜಿ ಹಾಕಲು ಬರುವ ಪಶುವೈದ್ಯರು ಗೆಜೆಟೆಡ್ ಅಧಿಕಾರಿ! ಅವರು ಹಸು ನೋಡಿ, ಕೈ ತೊಳೆದು, ಒಳಗೆ ಬಂದು, ಕಾಗದವನ್ನು ಪೂರ್ತಿ ಓದಿ, ತಾಯಿಯನ್ನೇ ಎರಡು ಪ್ರಶ್ನೆ ಕೇಳಿ, ಸಹಿ ಹಾಕಿ ಮೊಹರು ಒತ್ತಿದರು. "ದನಿನ್ ಡಾಕುಟ್ರು ಸೈ ಆಕವ್ರೆ, ಇನ್ನೇನ್ ಬುಡು" ಅಂತ ತಾಯಿ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಆ ಪಶುವೈದ್ಯರನ್ನು ಇವತ್ತಿಗೂ ನೆನೆಯುತ್ತೇನೆ. ಅವರು "ಇದು ನನ್ನ ಕೆಲಸವಲ್ಲ" ಅನ್ನಬಹುದಿತ್ತು.

ಒಂದು ಪ್ರತಿ ನಮ್ಮ ಫೈಲಿಗೆ. ಇನ್ನೊಂದನ್ನು ಸೊಸೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜೀಪು ಹತ್ತುವಾಗ ನನಗೆ ಏನು ಹೆಮ್ಮೆ ಅಂತೀರಿ! ಇಷ್ಟು ಅಚ್ಚುಕಟ್ಟಾಗಿ ಯಾರು ಮಾಡುತ್ತಾರೆ ಎಂದು ದಾರಿಯುದ್ದಕ್ಕೂ ಡ್ರೈವರ ತಲೆ ತಿಂದೆ.

ಆರು ವಾರವಾಗಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಹನೂರಿನ ಆಚೆ ಒಬ್ಬ ರೋಗಿಯ ಕಾಲಿನ ಗಾಯ ಕಟ್ಟುತ್ತಿದ್ದೆ. ಫೋನು ಬಂತು. ಆ ತಾಯಿಯ ಎದುರು ಮನೆಯವರು, ವ್ಯಾನ್ ಓಡಿಸುವವರು. "ನರ್ಸಮ್ಮ, ಅವ್ವುನ್ ಉಸ್ರು ಕಟ್ಬುಟ್ಟದ. ವ್ಯಾನಲ್ಲಿ ಆಕಂಡು ಮೈಸೂರ್ಗೆ ಓಯ್ತಾ ಇವ್ನಿ. ದಾರೀಲಿ ಏನಾರ ಮಾಡ್ಬೇಕಾ?"

ಮಗ ಸೊಸೆ ಇಬ್ಬರೂ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರು. ಮನೆಯಲ್ಲಿ ತಾಯಿ ಒಬ್ಬರೇ. ಉಬ್ಬಸ ಹೆಚ್ಚಾದಾಗ ಪಕ್ಕದ ಮನೆಯಾಕೆ ಓಡಿಬಂದು, ಗಾಳಿ ಜಾಸ್ತಿ ಬಿಟ್ಟರೆ ಒಳ್ಳೆಯದು ಎಂದು ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ಗುಬುಟನ್ನು ಒಂದೂವರೆಯಿಂದ ಐದಕ್ಕೆ ತಿರುಗಿಸಿದ್ದಳು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಈ ಕಾಯಿಲೆಯವರಿಗೆ ಆಕ್ಸಿಜನ್ ಅತಿಯಾದರೆ ಕೆಟ್ಟ ಗಾಳಿ ಒಳಗೇ ಕೂತು ಮಂಪರು ಬರುತ್ತದೆ. ಬಂತು. ಮಂಪರು ಬಂದದ್ದನ್ನು ನೋಡಿ ಪ್ರಾಣ ಹೋಗುತ್ತಿದೆ ಎಂದು ಬೀದಿಯವರು ಹೌಹಾರಿ, ಯಳಂದೂರಿನ ಅಕ್ಕನಿಗೆ ಫೋನು ಮಾಡಿದರು. ತಾಯಿಯ ಒಡಹುಟ್ಟಿದ ಅಕ್ಕ. ಎಪ್ಪತ್ತು ದಾಟಿದ್ದರೂ ಅವರ ಮಾತೆಂದರೆ ಮನೆಯಲ್ಲಿ ಕಟ್ಟಪ್ಪಣೆ. "ಮೈಸೂರ್ಗೆ ಎತ್ತಾಕಂಡು ಓಗ್ರೋ" ಅಂದರಂತೆ. ವ್ಯಾನಿನ ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿಕೊಂಡು ಹೊರಟಿದ್ದರು.

ಎರಡು ವರ್ಷದಿಂದ ಮಲಗದ ಹೆಂಗಸನ್ನು ಅಂಗಾತ ಮಲಗಿಸಿದ್ದರು! ನಾನು ಫೋನಿನಲ್ಲಿ ಕಿರುಚಿದೆ. ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ. "ಎತ್ತಿ ಕೂರಿಸಿ! ಕಿಟಕಿ ತೆಗೀರಿ! ನಮ್ಮ ಆಸ್ಪತ್ರೆಗೆ ತಿರುಗಿಸಿ!" ಪುಣ್ಯಾತ್ಮ, ಒಂದು ಮಾತೂ ಎದುರಾಡದೆ ವ್ಯಾನು ತಿರುಗಿಸಿದರು.

ಆಸ್ಪತ್ರೆಯಲ್ಲಿ ಮಾಸ್ಕು ಹಾಕಿದರು. ಫೈಲಿನಲ್ಲಿ ಕಾಗದ ಇದ್ದದ್ದರಿಂದ ಪೈಪಿನ ಮಾತು ಬರಲಿಲ್ಲ. ಎರಡನೇ ದಿನ ತಾಯಿ ಕಣ್ಣು ಬಿಟ್ಟು ಕಾಫಿ ಕೇಳಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ನಾನು ವಾರ್ಡಿನ ಹೊರಗೆ ಎಲ್ಲರಿಗೂ ಮಂಗಳಾರತಿ ಎತ್ತಿದೆ. ಪಕ್ಕದ ಮನೆಯಾಕೆಗೆ, ವ್ಯಾನಿನವರಿಗೆ, ರಾಮನಗರದಿಂದ ಉಟ್ಟ ಬಟ್ಟೆಯಲ್ಲೇ ಓಡಿಬಂದ ಮಗನಿಗೆ. ಎಲ್ಲ ಬರೆದಿಟ್ಟಿದ್ದೆವಲ್ಲ, ಕಾಗದ ಇತ್ತಲ್ಲ!

ಪಕ್ಕದ ಮನೆಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಯಾವ್ ಕಾಗ್ದ ಸಿಸ್ಟ್ರೇ?" ಅಂದಳು.

ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ನಾನೇ. ರೋಗಿಯ ವಿಷಯ ಗುಟ್ಟಾಗಿರಬೇಕು ಎಂದು ನಮಗೆ ಕಲಿಸಿದ್ದಾರೆ. ಅದಕ್ಕೇ ಬಾಗಿಲು ಮುಂದೆ ಮಾಡಿಕೊಂಡು ಮಾತಾಡಿದ್ದೆ. ಆದರೆ ಆ ಊರಿನಲ್ಲಿ ಉಸಿರು ಕಟ್ಟಿದಾಗ ಮೊದಲು ಓಡಿಬರುವುದು ಕಾಗದದಲ್ಲಿ ಹೆಸರಿದ್ದವರಲ್ಲ, ಬೀದಿ. ವಾಹನ ಬೀದಿಯದ್ದು, ಕೈ ಬೀದಿಯದ್ದು, ತೀರ್ಮಾನ ಯಳಂದೂರಿನ ಫೋನಿನದ್ದು. ಅವರಲ್ಲಿ ಒಬ್ಬರನ್ನೂ ಕೂರಿಸಿ ನಾನು ಒಂದು ಮಾತು ಕೇಳಿರಲಿಲ್ಲ. ಅಷ್ಟು ಬೈದಿದ್ದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ಆಕೆಯ ಕೈ ಹಿಡಿದು ತಪ್ಪಾಯಿತು ಅಂದೆ.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲಿ ನೋಡಲು ಹೋದಾಗ ತಾಯಿಯೇ ವಿಷಯ ತೆಗೆದರು.

"ಕಾಗ್ದ ಬೀರುನಲ್ಲಿತ್ತು" ಅಂದರು. "ಬೀರು ಎದ್ ಬಂದು ಯೇಳದಾ, ಮಲುಗಿಸ್ಬ್ಯಾಡಿ ಅಂತ?"

ನಾನು ಬಿಪಿ ಪಟ್ಟಿಯನ್ನು ಬಿಚ್ಚಿ ಚೀಲಕ್ಕೆ ಹಾಕಿದೆ.

"ನನ್ ಮದ್ವೆ ಗೊತ್ಮಾಡ್ದಾಗ... ಯಾರೂ ಸೈ ಆಕ್ಲಿಲ್ಲ ಕಣವ್ವ. ಜಗ್ಲಿ ಮ್ಯಾಲೆ ಎಲ್ರೂ ಕೂತ್ಕಂಡು... ಎಲೆಅಡ್ಕೆ ಇಡುದ್ರು. ಇಡುದ್ಮ್ಯಾಕೆ ಮುಗೀತು. ಯಾರ್ ಮುರೀತಾರೆ?" ಸ್ಟೂಲಿನ ದಿಂಬಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. "ಇದ್ಕೂ ಅಂಗೇ ಮಾಡ್ಸು. ಬೀದಿ ಕರ್ಸು. ನಾನೇ ಎಲೆ ಕೊಟ್ಟು ಯೇಳ್ತೀನಿ."

ನನಗೆ ಒಂದೇ ಏಟಿಗೆ ಹೂಂ ಅನ್ನಲಾಗಲಿಲ್ಲ. ಒಬ್ಬರ ಕಾಯಿಲೆ, ಅವರ ಸಾವಿನ ಮಾತು, ಇಡೀ ಬೀದಿಯ ಮುಂದೆ? ನಾಳೆ ಯಾರಾದರೂ ಆಸ್ಪತ್ರೆಯ ಮೇಲೆ ದೂರು ಕೊಟ್ಟರೆ? ವಾಪಸು ಬಂದು ಡಾಕ್ಟರ ಹತ್ತಿರ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು: "ಗುಟ್ಟು ಯಾರದ್ದು?"

"ಅವರದ್ದು."

"ಅವರೇ ಹೇಳ್ತೀನಿ ಅಂದ್ರೆ ತಡೆಯೋಕೆ ನೀವ್ಯಾರು, ನಾನ್ಯಾರು? ಹೋಗಿ ಮಾಡಿಸಿ. ಯಾರಿಗೆ ಏನು ಕೆಲಸ ಅನ್ನೋದನ್ನ ಮಾತ್ರ ನೀವು ಸರಿಯಾಗಿ ಹೇಳಿಕೊಡಿ."

ಅಷ್ಟರ ಮೇಲೆ ನಾನು ಹಿಂದೆ ಮುಂದೆ ನೋಡಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಮೂರಕ್ಕೆ ಎಂದು ಗೊತ್ತು ಮಾಡಿದೆವು. ಸೊಸೆ ಎರಡು ಕಟ್ಟು ವೀಳ್ಯದೆಲೆ ತರಿಸಿದಳು. ಅಲ್ಲೇ ಆದದ್ದು ಎಡವಟ್ಟು. ಅವರದ್ದು ಲಿಂಗಾಯತರ ಮನೆ. ಅವರಲ್ಲಿ ಜೀವ ಹೋಗುವ ಸ್ಥಿತಿಯಲ್ಲಿರುವವರಿಗೆ ಅಯ್ಯನವರನ್ನು ಕರೆಸಿ ವಿಭೂತಿ ವೀಳ್ಯದ ಶಾಸ್ತ್ರ ಮಾಡಿಸುತ್ತಾರೆ. ಮಾರ್ಟಳ್ಳಿಯ ನನಗೆ ಅದೇನು ಗೊತ್ತು? ಎಲೆ ಬಂತು, ಜನ ಸೇರುತ್ತಿದ್ದಾರೆ, ನರ್ಸಮ್ಮನೇ ಮುಂದೆ ನಿಂತಿದ್ದಾಳೆ ಎಂದು ಯಾರೋ ಯಳಂದೂರಿಗೆ ಸುದ್ದಿ ಮುಟ್ಟಿಸಿದರು.

ಎರಡೂವರೆಗೆ ಬೀದಿಯ ತುದಿಯಿಂದಲೇ ಗೋಳು ಕೇಳಿಸಿತು. ಅಕ್ಕ ಆಟೋದಿಂದ ಇಳಿದು, ಎದೆ ಬಡಿದುಕೊಳ್ಳುತ್ತಾ, "ನನ್ ಬುಟ್ಟು ಓದ್ಯಲ್ಲವ್ವೋ" ಎಂದು ಒಳಗೆ ನುಗ್ಗಿದರು. ತಾಯಿ ದಿಂಬಿಗೆ ಒರಗಿ ಕೂತು, ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಚಕ್ಕುಲಿ ತಿನ್ನುತ್ತಿದ್ದರು.

"ಎಲ್ಲಿಗ್ ಓದೆ?" ಅಂದರು. "ಇಲ್ಲೇ ಇವ್ನಿ, ಕೂತ್ಕೊ. ನಿಂಗೂ ಚಕ್ಲಿ ಬೇಕಾ?"

ಇಡೀ ನಡುಮನೆ ನಕ್ಕಿತು. ಅಕ್ಕನವರು ಮಾತ್ರ ನನ್ನತ್ತ ತಿರುಗಿ, ಹೇಳಬಾರದ್ದನ್ನೆಲ್ಲ ಹೇಳಿದರು. ಅರ್ಧ ನನಗೆ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಹನ್ನೆರಡು ಹದಿಮೂರು ಜನ ಸೇರಿದ್ದರು. ತಾಯಿ ಒಬ್ಬೊಬ್ಬರನ್ನೇ ಕರೆದು, ಎರಡು ಎಲೆ ಒಂದು ಅಡಿಕೆ ಕೈಯಲ್ಲಿಟ್ಟು ಹೇಳಿದರು. ನಾನು ಪಕ್ಕದಲ್ಲಿ ನಿಂತು ಹೇಗೆ ಮಾಡುವುದೆಂದು ತೋರಿಸಿದೆ. ಪಕ್ಕದ ಮನೆಯಾಕೆಗೆ ಗುಬುಟಿನ ಕೆಲಸ: ಎರಡು ದಾಟಿಸಬಾರದು, ಬೆರಳಿಗೆ ಹಾಕುವ ಪುಟ್ಟ ಮಿಷನ್ನಿನಲ್ಲಿ ತೊಂಬತ್ತರ ಆಸುಪಾಸು ಇದ್ದರೆ ಸಾಕು, ನೂರು ಬರಲಿ ಎಂದು ಆಸೆ ಪಡಬಾರದು. ಫ್ಯಾನು ಮುಖಕ್ಕೆ ಹಾಕಬೇಕು, ಸುತ್ತ ಜನ ಮುತ್ತಬಾರದು. ಆಕೆ ಗುಬುಟನ್ನು ಮೂರು ಸಲ ತಿರುಗಿಸಿ ಎರಡಕ್ಕೆ ತಂದು ತೋರಿಸಿದಳು. ವ್ಯಾನಿನವರಿಗೆ ತಾಯಿ ಹೇಳಿದ್ದು: "ಮುಂದುಗಡೆ ಸೀಟಲ್ಲಿ ಕೂರ್ಸ್ಕಂಡು ಓಗ್ಬೇಕು. ಕೊಳ್ಳೇಗಾಲುಕ್ಕೆ. ಮೈಸೂರ್ ಅಂದ್ರೆ ನಿನ್ ವ್ಯಾನ್ ಅತ್ತಕಿಲ್ಲ." ಅವರು ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಆಯ್ತು ಕಣವ್ವ. ಓದ್ಸತಿ ಮಲುಗಿಸ್ಬುಟ್ಟೆ, ತೆಪ್ಪಾಯ್ತು."

ಅಕ್ಕನವರು ಎಲೆ ಮುಟ್ಟಲಿಲ್ಲ. "ನಾನ್ ದೊಡ್ಡೋಳು. ಮೊದ್ಲು ಓಗ್ಬೇಕಾದೋಳು ನಾನು. ನಿನ್ನ ಬುಟ್ಬುಡಿ ಅಂತ ನಾನ್ ಎಂಗ್ ಯೇಳ್ಲಿ?" ಎಂದು ಗೋಡೆಗೆ ಮುಖ ಮಾಡಿದರು.

ನಾನು ಬಾಯಿ ಹಾಕಲು ಹೊರಟೆ. ತಾಯಿ ಕೈಯೆತ್ತಿ ತಡೆದರು.

"ಅಕ್ಕಯ್ಯ. ನಮ್ಮಲ್ಲಿ ಮಣ್ಗಿಡೋವಾಗ್ಲೂ ಕೂರ್ಸೇ ಇಡ್ತಾರೆ" ಅಂದರು. ಉಸಿರು ತೆಗೆದುಕೊಂಡರು. "ಸತ್ತೋರ್ನೇ ಕೂರುಸ್ದೋರು, ಉಸ್ರಿರೋಳ್ನ ಯಾಕ್ ಮಲುಗಿಸ್ತೀರಿ? ಮಲುಗ್ಸುದ್ರೆ ನಂಗೆ ಬಾವಿಗ್ ಬಿದ್ದಂಗಾಯ್ತದ ಅಕ್ಕಯ್ಯ. ಬ್ಯಾರೆ ಯಾರಾರ ಮಲುಗ್ಸಕ್ ಬಂದ್ರೆ ನೀನ್ ಬೈಯಿ. ನಿನ್ನಂಗೆ ಬಯ್ಯೋರು ಇಲ್ಲಿ ಯಾರವ್ರೆ?"

ಅಕ್ಕನವರು ಗೋಡೆಯಿಂದ ಇತ್ತ ತಿರುಗಿ, "ಚಿಕ್ಕೋಳಿದ್ದಾಗ್ಲೂ ಇಂಗೇಯ, ಇಡುದ್ದೇ ಅಟ" ಎಂದು ಬೈಯುತ್ತಾ ಎಲೆಯನ್ನು ಕಿತ್ತುಕೊಂಡರು. ಬೈಯುತ್ತಲೇ ಅತ್ತರು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನು.

ಕೊನೆಗೆ ಮಗ. ತಾಯಿ ಅವನ ಎರಡೂ ಕೈ ಸೇರಿಸಿ, ಎಲೆ ಇಟ್ಟು, ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ನೀನು ಏನೂ ತೀರ್ಮಾನ ಮಾಡ್ಬ್ಯಾಡ ಮಗ. ತೀರ್ಮಾನ ನಾನ್ ಆಗ್ಲೇ ಮಾಡಿವ್ನಿ. ಊರೆಲ್ಲ ಕೇಳುಸ್ಕಂಡದ. ನೀನ್ ನನ್ ತಾವ್ ಕೂತ್ಕೊ, ಅಷ್ಟೇಯ."

ಅದಾದ ಮೇಲೆ ಒಂಬತ್ತು ತಿಂಗಳು ಇದ್ದರು. ನಡುವೆ ಎರಡು ಸಲ ಕೆರಳಿತು. ಎರಡು ಸಲವೂ ಬೀದಿಯೇ ನೋಡಿಕೊಂಡಿತು: ನೆಬ್ಯುಲೈಜರ್ ಹಚ್ಚಿ, ಡಾಕ್ಟರು ಮೊದಲೇ ಬರೆದಿಟ್ಟಿದ್ದ ಮಾತ್ರೆ ಕೊಟ್ಟು, ಮುಂದಕ್ಕೆ ಬಾಗಿಸಿ ಕೂರಿಸಿ, ನನಗೆ ಫೋನು ಮಾಡಿದರು. ಪಕ್ಕದ ಮನೆಯಾಕೆ ಫೋನಿನಲ್ಲಿ ನಮ್ಮ ವಾರ್ಡಿನ ನರ್ಸಿನ ಹಾಗೆ ವರದಿ ಒಪ್ಪಿಸುತ್ತಿದ್ದಳು: "ಎಂಬತ್ತೊಂಬತ್ತು ಅದ ಸಿಸ್ಟ್ರೇ, ಗುಬುಟು ಎರಡ್ರಲ್ಲದ, ಮಾತಾಡ್ತಾವ್ರೆ, ನನ್ನ ಬೈತಾವ್ರೆ." ಬೈಯುತ್ತಿದ್ದಾರೆ ಎಂದರೆ ನನಗೆ ನೆಮ್ಮದಿ.

ಮೂರನೆಯ ಸಲ ಬೈಗುಳ ನಿಂತಿತ್ತು. ವ್ಯಾನಿನವರು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟು, ಕೊಳ್ಳೇಗಾಲಕ್ಕೆ ತಂದರು. ಮಾಸ್ಕು ಹಾಕಿದೆವು. ಒಂದು ದಿನ ನೋಡಿದೆವು. ರಕ್ತದ ವರದಿ ಸುಧಾರಿಸಲಿಲ್ಲ. ಮರುದಿನ ಬೆಳಿಗ್ಗೆ ತಾಯಿ ಮಾಸ್ಕಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿ, ಬಾಗಿಲ ಕಡೆ ತೋರಿಸಿದರು. ಡಾಕ್ಟರು ಹತ್ತಿರ ಕೂತು, "ಮನೆಗಾ ಅಮ್ಮ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ತಲೆ ಆಡಿಸಿದರು. ಕಾನೂನಿನ ಪ್ರಕಾರ ಬೇಕಾದ ವೈದ್ಯರ ಒಪ್ಪಿಗೆಗಳನ್ನು ಡಾಕ್ಟರು ಫೋನಿನ ಮೇಲೆ ಫೋನು ಮಾಡಿ, ಅವರಿವರ ಕಾಲು ಹಿಡಿದು, ಮಧ್ಯಾಹ್ನದೊಳಗೆ ಬರೆಸಿಕೊಂಡರು. ಮಗನ ಮುಂದೆ ಯಾರೂ ಕಾಗದ ಹಿಡಿದು ಅರ್ಧ ಗಂಟೆ ಅನ್ನಲಿಲ್ಲ. ಅವನಿಗೆ ಹೇಳಿದ್ದು ಒಂದೇ: ಅವ್ವ ಹೇಳಿದ ಹಾಗೆ ಮಾಡುತ್ತಿದ್ದೇವೆ.

ನಾನೂ ವ್ಯಾನಿನಲ್ಲಿ ಹೋದೆ. ಮನೆಯಲ್ಲಿ ಪಕ್ಕದ ಮನೆಯಾಕೆ ಮಿಷನ್ ಹಚ್ಚಿ, ಫ್ಯಾನು ತಿರುಗಿಸಿ, ಬಾಗಿಲಲ್ಲಿ ಜನ ಮುತ್ತದಂತೆ ಕಾವಲು ನಿಂತಿದ್ದಳು. ಉಸಿರಿನ ಸಂಕಟಕ್ಕೆಂದು ಡಾಕ್ಟರು ಹೇಳಿದಷ್ಟೇ ಮಾರ್ಫಿನ್ ಕೊಟ್ಟೆ, ಪುಟ್ಟ ಪ್ರಮಾಣ. ಇಪ್ಪತ್ತು ನಿಮಿಷದಲ್ಲಿ ಕತ್ತಿನ ನರಗಳು ಸಡಿಲವಾದವು, ಹಣೆಯ ಗಂಟು ಬಿಚ್ಚಿತು. ಮಗ ಎದುರಿಗೆ ಕೂತಿದ್ದ. ಅವ್ವ ಅವನ ಹೆಗಲ ಮೇಲೆ ತಲೆ ಇಟ್ಟು ಒರಗಿದ್ದರು. ಸೊಸೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿದ್ದಳು. ಹಿಂದೆ ಕೂತು ಬೆನ್ನು ಸವರುತ್ತಿದ್ದವರು ಯಳಂದೂರಿನ ಅಕ್ಕ.

ನಾಲ್ಕರ ಹೊತ್ತಿಗೆ ನೆಂಟರಲ್ಲಿ ಹಿರಿಯರೊಬ್ಬರು ಒಳಗೆ ಬಂದು ನೋಡಿ, "ಪಾಪ, ಸುಸ್ತಾಗವ್ರೆ, ವಸಿ ಮಲುಗ್ಸಿ" ಅಂದರು.

"ಸುಮ್ಕಿರಪ್ಪ!" ಅಕ್ಕನವರ ಗುಡುಗಿಗೆ ನಾನೇ ಬೆಚ್ಚಿದೆ. "ಎಲೆ ಇಡ್ದಿವ್ನಿ ನಾನು. ಅವ್ಳು ಕೂತೇ ಇರ್ತಾಳೆ."

ತಾಯಿಗೆ ಅದು ಕೇಳಿಸಿತೋ ಇಲ್ಲವೋ. ತುಟಿಯ ಒಂದು ಕಡೆ ಸ್ವಲ್ಪ ಅಲುಗಿದ್ದನ್ನು ನಾನು ನೋಡಿದೆ. ಐದೂ ಕಾಲಿಗೆ ಉಸಿರು ನಿಧಾನವಾಯಿತು, ನಡುವೆ ಬಿಡುವು ಬಂತು, ಬಿಡುವು ದೊಡ್ಡದಾಯಿತು. ಮಗ ಅಲುಗದೆ ಕೂತಿದ್ದ. ಕೊನೆಯ ಉಸಿರು ಯಾವುದೆಂದು ನಮಗೆ ತಕ್ಷಣ ತಿಳಿಯಲಿಲ್ಲ, ಅಷ್ಟು ಸದ್ದಿಲ್ಲದೆ ಹೋದರು.

ಇಷ್ಟು ವರ್ಷದಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಹೆದರಿಕೆಯಿಲ್ಲದ ಒಂದು ಕೋಣೆಯನ್ನು ಅವತ್ತು ನೋಡಿದೆ. ಅದನ್ನು ಮಾಡಿದ್ದು ನಾನಲ್ಲ. ಒಂದು ಗುಬುಟನ್ನು ಎರಡಕ್ಕೇ ನಿಲ್ಲಿಸಿದ ಕೈ, ವ್ಯಾನು ತಿರುಗಿಸಿದ ಕೈ, ಮೊಹರು ಒತ್ತಿದ ಕೈ, ಬೈದು ಬೈದು ಕಾಪಾಡಿದ ಒಬ್ಬ ಅಕ್ಕ. ನನಗೆ ಕೆಲಸ ಕಲಿಸಿದವರು ಇವರು. ಅವರ ಋಣ ನನ್ನ ಮೇಲಿದೆ. ಈಗ ಯಾವ ಮನೆಗೆ ಹೋದರೂ ಫಾರಂ ತೆಗೆಯುವ ಮೊದಲು ಕೇಳುತ್ತೇನೆ: ನಿಮಗೆ ಕಷ್ಟ ಅಂದರೆ ಮೊದಲು ಓಡಿಬರುವವರು ಯಾರು, ಅವರನ್ನೂ ಕರೆಯೋಣವೇ?

ಕಾರ್ಯವೆಲ್ಲ ಮುಗಿದ ಮೇಲೆ ಮಗ ಆಸ್ಪತ್ರೆಗೆ ಬಂದ. ಕಾನ್ಸಂಟ್ರೇಟರನ್ನು ಒರೆಸಿ, ನಳಿಗೆ ಸುತ್ತಿ, ಹೆಗಲ ಮೇಲೆ ಹೊತ್ತು ತಂದಿದ್ದ. ಬೇರೆ ಯಾರಿಗಾದರೂ ಕೊಡಿ ಅಂದ. ವಾಪಸು ಪಡೆದ ರಿಜಿಸ್ಟರಿನಲ್ಲಿ ಸಹಿ ಹಾಕಲು ನಾನು ಪೆನ್ನು ಕೊಟ್ಟೆ. ಹಾಕಿದ. ಹಾಕಿ, ಪೆನ್ನನ್ನು ಹಿಡಿದುಕೊಂಡೇ ನಿಂತ. ಅವತ್ತಿನವರೆಗೆ ನನ್ನನ್ನು ಸಿಸ್ಟ್ರೇ ಎಂದು ಕರೆಯುತ್ತಿದ್ದವನು ಅಕ್ಕ ಅಂದ.

"ಅಕ್ಕ, ಮೈಸೂರಲ್ಲಿ ಆವತ್ತು ಡಾಕ್ಟ್ರು ಏನಂದ್ರು, ಸೈ ಎಲ್ ಆಕ್ದೆ, ಮಿಷನ್ ಎಂಗ್ ಸದ್ದು ಮಾಡ್ತು, ಎಲ್ಲ ಗ್ಯಾಪ್ನ ಅದ. ಅವ್ವನ್ ಮಕ ಮಾತ್ರ ಗ್ಯಾಪ್ನ ಇಲ್ಲ. ನೋಡ್ನೇ ಇಲ್ಲ ನಾನು. ಈ ಸತಿ ನಂಗೇನೂ ಕೆಲ್ಸ ಇರ್ನಿಲ್ಲ. ಯಾರೂ ಏನೂ ಕೇಳ್ನಿಲ್ಲ. ಬರೀ ಮಗನಾಗಿ ಕೂತಿದ್ದೆ ಕಣಕ್ಕ."